ಸಹಾಯ ಬೇಕು: ಮನೆಯ ಇನ್ವರ್ಟರ್‌ಗೆ ಸೋಡಿಯಂ ಬ್ಯಾಟರಿಯೋ, ಲಿಥಿಯಂ ಬ್ಯಾಟರಿಯೋ?

ಮಾನ್ಯರೇ, ನಮ್ಮ ಮನೆ ಹೊಸನಗರ ತಾಲ್ಲೂಕಿನ ಅಡಿಕೆ ತೋಟದ ನಡುವೆ ಇದ್ದು, ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಹಳೆಯ ಲೆಡ್ ಆಸಿಡ್ ಬ್ಯಾಟರಿಗಳು ಈಗ ಕೈಕೊಟ್ಟಿವೆ. ಅವುಗಳ ಬದಲಿಗೆ 48 ವೋಲ್ಟ್ ಸೋಲಾರ್ ಇನ್ವರ್ಟರ್‌ಗೆ ಲಿಥಿಯಂ ಐರನ್ ಫಾಸ್ಫೇಟ್ ಅಥವಾ ಸೋಡಿಯಂ ಅಯಾನ್ ಬ್ಯಾಟರಿ ಹಾಕಿಸಬೇಕೆಂದಿದ್ದೇನೆ.

ಸೋಡಿಯಂ ಬ್ಯಾಟರಿಯ ತೂಕ ಮತ್ತು ಗಾತ್ರ ಹೆಚ್ಚೆಂಬುದು ನನಗೆ ತೊಡಕಲ್ಲ. ಜಗಲಿಯ ಮೂಲೆಯಲ್ಲಿ ಬೇಕಾದಷ್ಟು ಜಾಗವಿದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಿದರೆ ಅದು ಹಾಳಾಗುತ್ತದೆ, ಸೋಡಿಯಂ ತಡೆದುಕೊಳ್ಳುತ್ತದೆ ಎನ್ನುತ್ತಾರೆ. ಆದರೆ ನಮ್ಮ ಮಾಗಿಯ ಚಳಿ ಎಷ್ಟೇ ಕೊರೆದರೂ ಅಷ್ಟು ಕೆಳಗಿಳಿಯದ ಕಾರಣ, ಆ ಗುಣಕ್ಕೆ ಹಣ ಕೊಡುವುದರಲ್ಲಿ ಅರ್ಥವಿಲ್ಲ.

ನನ್ನ ನಿಜವಾದ ಗೊಂದಲ ವೋಲ್ಟೇಜಿನದು. ಲಿಥಿಯಂ ಐರನ್ ಫಾಸ್ಫೇಟ್‌ನ ಪ್ರತಿ ಸೆಲ್ ಬಹುಪಾಲು ಹೊತ್ತು 3.2 ವೋಲ್ಟ್‌ನ ಆಸುಪಾಸಿನಲ್ಲಿ ನಿಲ್ಲುವುದರಿಂದ 16 ಸೆಲ್‌ಗಳ ಪ್ಯಾಕ್ 51.2 ವೋಲ್ಟ್ ಕೊಡುತ್ತದೆ. ಸೋಡಿಯಂ ಸೆಲ್ ಮಾತ್ರ ತುಂಬಿದಾಗ ಸುಮಾರು 4 ವೋಲ್ಟ್ ಇದ್ದು, ಬರಿದಾಗುತ್ತಾ 1.5 ವೋಲ್ಟ್‌ವರೆಗೂ ಜಾರಬಲ್ಲದು. ಹಾಗಾದರೆ ಅದೇ 16 ಸೆಲ್‌ಗಳು 64ರಿಂದ 24 ವೋಲ್ಟ್‌ವರೆಗೆ ಓಡಾಡುತ್ತವೆ. ನನ್ನ ಇನ್ವರ್ಟರ್ 42 ವೋಲ್ಟ್‌ಗೇ ನಿಂತುಬಿಡುತ್ತದೆ. ಉಳಿದ ವಿದ್ಯುತ್ತು ಬ್ಯಾಟರಿಯಲ್ಲಿದ್ದೂ ಇಲ್ಲದಂತೆಯೇ ಅಲ್ಲವೇ?

ಸಾಗರ, ತೀರ್ಥಹಳ್ಳಿ ಕಡೆ ಯಾರಾದರೂ ಸೋಡಿಯಂ ಪ್ಯಾಕ್ ಬಳಸುತ್ತಿದ್ದರೆ, ಎಷ್ಟು ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದ್ದೀರಿ, ಇನ್ವರ್ಟರ್‌ನ ಕನಿಷ್ಠ ಮತ್ತು ಗರಿಷ್ಠ ವೋಲ್ಟೇಜ್ ಎಷ್ಟಕ್ಕೆ ಇಟ್ಟಿದ್ದೀರಿ ಎಂದು ದಯವಿಟ್ಟು ತಿಳಿಸಿ. ಮುಂಗಾರಿಗೆ ಮೊದಲೇ ಕೆಲಸ ಮುಗಿಸಬೇಕಾಗಿದೆ.