ನೆಬ್ರಾಸ್ಕಾದ ಮರೆತುಹೋದ ಕ್ವಾರ್ಟರ್‌ಬ್ಯಾಕ್‌ಗಳು ಯಾರು?

ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್‌ನಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಅಂದ ಕೂಡಲೇ ಎಲ್ಲರೂ ಟಾಮಿ ಫ್ರೇಜಿಯರ್ ಹೆಸರು ಹೇಳ್ತಾರೆ. ಸರಿ, ಆತ ದೊಡ್ಡ ಆಟಗಾರನೇ. ಆದರೆ ಉಳಿದವರು? ನಿಮಗೆ ಯಾರು ನೆನಪಾಗ್ತಾರೆ?

ಉತ್ತರ 1: ಬ್ರೂಕ್ ಬೆರಿಂಜರ್, ಬೇರೆ ಮಾತೇ ಇಲ್ಲ. 1994ರಲ್ಲಿ ಫ್ರೇಜಿಯರ್ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಹೊರಗುಳಿದಾಗ ತಂಡವನ್ನು ಹೊತ್ತು ನಡೆಸಿದ್ದು ಇವನೇ, ಅದೂ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿದ್ದರೂ. ಆ ವರ್ಷ 13-0 (13 ಗೆಲುವು, ಒಂದೂ ಸೋಲಿಲ್ಲ), ರಾಷ್ಟ್ರೀಯ ಚಾಂಪಿಯನ್. 1996ರ ಏಪ್ರಿಲ್‌ನಲ್ಲಿ, ಎನ್‌ಎಫ್‌ಎಲ್ ಡ್ರಾಫ್ಟ್‌ಗೆ (ವೃತ್ತಿಪರ ಲೀಗ್‌ನ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ) ಎರಡೇ ದಿನ ಇದ್ದಾಗ, ವಿಮಾನ ಅಪಘಾತದಲ್ಲಿ ತೀರಿಕೊಂಡ. ಈಗಲೂ ನೆನೆದರೆ ಕರುಳು ಚುರ್ ಅನ್ನುತ್ತದೆ.

ಉತ್ತರ 2: ಹಾಗಾದರೆ ಮ್ಯಾಟ್ ಟರ್ಮನ್ ಹೆಸರೂ ಬರಬೇಕು ಅಲ್ವಾ? ಸ್ಕಾಲರ್‌ಶಿಪ್ ಇಲ್ಲದೆ ಬಂದ ಹುಡುಗ. ಅದೇ ಸೀಸನ್‌ನಲ್ಲಿ ಬೆರಿಂಜರ್ ಕೂಡ ಪೂರ್ತಿ ಆಡೋ ಸ್ಥಿತಿಯಲ್ಲಿ ಇರಲಿಲ್ಲ, ಕಾನ್ಸಾಸ್ ಸ್ಟೇಟ್ ವಿರುದ್ಧ ಇವನೇ ಶುರು ಮಾಡಿದ, 17-6ಕ್ಕೆ ಗೆದ್ದರು. ಆ ಪಂದ್ಯ ಸೋತಿದ್ದರೆ 13-0 ಎಲ್ಲಿರುತ್ತಿತ್ತು?

ಉತ್ತರ 3: ನನ್ನ ಆಯ್ಕೆ ಜೆರ್ರಿ ಟ್ಯಾಗಿ. 1970, 71ರ ಎರಡೂ ರಾಷ್ಟ್ರೀಯ ಪ್ರಶಸ್ತಿ ಇವನ ಕಾಲದ್ದು. ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ವಿರುದ್ಧದ ಆರೆಂಜ್ ಬೌಲ್‌ನಲ್ಲಿ (ಸೀಸನ್ ಕೊನೆಯ ದೊಡ್ಡ ಪಂದ್ಯ) ಗೋಲ್ ಲೈನ್ ಹತ್ತಿರ ಆಟಗಾರರ ರಾಶಿಯ ಮೇಲಿಂದ ಕೈ ಚಾಚಿ ಚೆಂಡನ್ನು ಗೆರೆ ದಾಟಿಸಿದ, 17-12ಕ್ಕೆ ಗೆದ್ದರು. ಜನ ಅದೇ ತಂಡದ ಜಾನಿ ರಾಜರ್ಸ್‌ನನ್ನೇ ಜಾಸ್ತಿ ನೆನೆಯುತ್ತಾರೆ, ಆದರೆ ಒಕ್ಲಹೋಮಾ ವಿರುದ್ಧ 35-31ಕ್ಕೆ ಗೆದ್ದ ಪಂದ್ಯದ ಕೊನೆಯಲ್ಲಿ ಆ ರಾಜರ್ಸ್‌ಗೆ ಚೆಂಡು ಎಸೆದವನು ಟ್ಯಾಗಿನೇ.