ಸಂಗೀತ ಸಂಘದ ಪದಾಧಿಕಾರಿಗಳು: ಚೆನ್ನಾಗಿ ನುಡಿಸುವವರೇ ಆಗಬೇಕೆ?

ಪ್ರಶ್ನೆ: ಹೊಸ ಕಾರ್ಯದರ್ಶಿ

ನಮ್ಮ ವಿಶ್ವವಿದ್ಯಾಲಯದ ಸಂಗೀತ ಸಂಘದಲ್ಲಿ ಒಂದು ವಾದ್ಯವೃಂದವೂ ಒಂದು ದೊಡ್ಡ ಗಾಯನವೃಂದವೂ ಇವೆ. ವರ್ಷಕ್ಕೊಮ್ಮೆ ಸದಸ್ಯರೇ ಆರಿಸುವ ವಿದ್ಯಾರ್ಥಿ ಸಮಿತಿ ಇವೆರಡನ್ನೂ ನಡೆಸುತ್ತದೆ. ಗೌರವಧನ ಪಡೆಯುವವರು ಸಂಗೀತ ನಿರ್ದೇಶಕರೊಬ್ಬರೇ. ಮುಂದಿನ ಸಾಲಿಗೆ ನಾನು ಕಾರ್ಯದರ್ಶಿಯಾಗಿ ಆಯ್ಕೆಯಾಗಿದ್ದೇನೆ. ಅಧ್ಯಕ್ಷರೂ ಖಜಾಂಚಿಯೂ ಆಯ್ಕೆಯಾಗಿದ್ದು, ಉಳಿದ ಹುದ್ದೆಗಳಿಗೆ ಹೆಸರು ಸೂಚಿಸುವ ಹೊಣೆ ನಮ್ಮ ಮೂವರ ಮೇಲಿದೆ.

ವೃಂದದಲ್ಲಿ ಅತ್ಯುತ್ತಮವಾಗಿ ನುಡಿಸುವವರನ್ನೋ ಹಾಡುವವರನ್ನೋ ಪದಾಧಿಕಾರಿಗಳನ್ನಾಗಿ ಮಾಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಅದರ ಹಿಂದೆ ಗೌರವದ ಭಾವನೆ ಇದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಮೊದಲ ಸಾಲಿನಲ್ಲಿ ಕೂರುವವರಿಗೆ ಅಭ್ಯಾಸಕ್ಕೇ ಸಮಯ ಸಾಲದಿರುವಾಗ ಸಭಾಂಗಣ ಕಾಯ್ದಿರಿಸುವುದು, ಸ್ವರಲಿಪಿಯ ಪ್ರತಿಗಳನ್ನು ತರಿಸುವುದು, ಶುಲ್ಕ ವಸೂಲು ಮಾಡುವುದು ಮುಂತಾದ ಕೆಲಸಗಳು ಕೊನೆಯ ವಾರದವರೆಗೂ ಉಳಿದುಬಿಡುತ್ತವೆ. ಇದರ ಜೊತೆಗೆ ಇನ್ನೊಂದು ತಕರಾರೂ ಇದೆ. ಮುಂದಿನ ಸಂಗೀತ ಕಚೇರಿಗೆ ಬಹಳ ದೊಡ್ಡ ಕೃತಿಯೊಂದನ್ನು ಎತ್ತಿಕೊಳ್ಳಬೇಕೆಂದು ನಿರ್ದೇಶಕರು ಬಯಸುತ್ತಿದ್ದಾರೆ, ಸಮಿತಿಯ ಅರ್ಧದಷ್ಟು ಮಂದಿ ಹಿಂಜರಿಯುತ್ತಿದ್ದಾರೆ. ಕಾರ್ಯಕ್ರಮವನ್ನು ನಿರ್ಧರಿಸುವ ಅಧಿಕಾರ ಯಾರದು? ಇಂಥ ಸಂಘಗಳನ್ನು ನಡೆಸಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಮಾಜಿ ಖಜಾಂಚಿ

ಕಾರ್ಯದರ್ಶಿಯವರೇ, ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ಆಗಬೇಕಿಲ್ಲ. ವಾದ್ಯವೃಂದದ ನಾಯಕತ್ವಕ್ಕೆ ಬೇಕಾದ ಗುಣವೇ ಬೇರೆ, ಸಂಘದ ಆಡಳಿತಕ್ಕೆ ಬೇಕಾದ ಗುಣವೇ ಬೇರೆ; ಎರಡೂ ಒಬ್ಬರಲ್ಲೇ ಇದ್ದರೆ ಸಂತೋಷ, ಆದರೆ ಹಾಗೆ ಇರಲೇಬೇಕೆಂದು ನಿರೀಕ್ಷಿಸುವುದು ತರವಲ್ಲ. ಎರಡನೆಯ ವಯೊಲಿನ್ ವಿಭಾಗದ ಕೊನೆಯ ಸಾಲಿನಲ್ಲಿ ಕೂತು, ಪ್ರತಿ ತಾಲೀಮಿಗೂ ಹತ್ತು ನಿಮಿಷ ಮುಂಚೆ ಬಂದು ಕುರ್ಚಿಗಳನ್ನು ಜೋಡಿಸುವ ಹುಡುಗಿಯೊಬ್ಬಳು ನಿಮ್ಮಲ್ಲೂ ಇರುತ್ತಾಳೆ. ಅವಳನ್ನು ಮೊದಲು ಕೇಳಿ ನೋಡಿ.

ಹಣದ ವಿಷಯದಲ್ಲಿ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ ಸಂಗೀತ ಸಂಘಗಳು ಮುಗ್ಗರಿಸುವುದು ಬಹುಮಟ್ಟಿಗೆ ಅಲ್ಲಿಯೇ. ನಷ್ಟವಾಗುವುದರಿಂದಲೇ ಮುಗ್ಗರಿಸುತ್ತವೆ ಎಂದಲ್ಲ. ಖರ್ಚು ಮೊದಲು ಬರುತ್ತದೆ, ವರಮಾನ ಆಮೇಲೆ ಬರುತ್ತದೆ, ಇದೇ ತೊಂದರೆ. ಸಭಾಂಗಣದ ಮುಂಗಡ, ಸ್ವರಲಿಪಿಯ ಬಾಡಿಗೆ, ಟಿಂಪನಿಯಂಥ ದೊಡ್ಡ ವಾದ್ಯಗಳ ಸಾಗಣೆ, ಹೊರಗಿನಿಂದ ಬರುವ ಏಕವ್ಯಕ್ತಿ ಗಾಯಕರ ಸಂಭಾವನೆ ಇವೆಲ್ಲ ಕಚೇರಿಗೆ ತಿಂಗಳುಗಳ ಮೊದಲೇ ಖಚಿತವಾಗಿಬಿಡುತ್ತವೆ. ಟಿಕೆಟ್‌ಗಳಾದರೋ ಕೊನೆಯ ಕೆಲವು ದಿನಗಳಲ್ಲಿ ಮಾರಾಟವಾಗುತ್ತವೆ. ಆದ್ದರಿಂದ ಸದಸ್ಯತ್ವ ಶುಲ್ಕವನ್ನು ಅವಧಿಯ ಆರಂಭದಲ್ಲೇ ವಸೂಲು ಮಾಡಬೇಕು, ಟಿಕೆಟ್ ವರಮಾನವನ್ನು ಅಂದಾಜಿಸುವಾಗ ಹಿಂದಿನ ಕಚೇರಿಗಳಲ್ಲಿ ಅತಿ ಕಡಿಮೆ ಬಂದ ಮೊತ್ತವನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಸಭಾಂಗಣ ತುಂಬಿತುಳುಕುತ್ತದೆ ಎಂದು ಲೆಕ್ಕ ಹಾಕುವ ಖಜಾಂಚಿಗಿಂತ ಸಂಘಕ್ಕೆ ದೊಡ್ಡ ಅಪಾಯವಿಲ್ಲ.

ಇನ್ನೊಂದು ಮಾತು, ಇದು ನೀರಸವೆನಿಸಿದರೂ ತಪ್ಪದೆ ಓದಿ. ಬ್ಯಾಂಕ್ ಖಾತೆಗೆ ಸಹಿ ಮಾಡುವ ಅಧಿಕಾರವನ್ನು ಹೊಸಬರಿಗೆ ವರ್ಗಾಯಿಸಲು ವಾರಗಟ್ಟಲೆ ಸಮಯ ಹಿಡಿಯಬಹುದು. ಹಳೆಯ ಪದಾಧಿಕಾರಿಗಳು ಪದವಿ ಮುಗಿಸಿ ಊರು ಬಿಟ್ಟ ಮೇಲೆ ಅವರ ಸಹಿಗಾಗಿ ಅಲೆಯುವುದು ಬಹಳ ಸಂಘಗಳಲ್ಲಿ ಪ್ರತಿವರ್ಷದ ಪಾಡು. ಚುನಾವಣೆ ಮುಗಿದ ವಾರದಲ್ಲೇ ಆ ಅರ್ಜಿಯನ್ನು ಭರ್ತಿ ಮಾಡಿಸಿ, ಹಳಬರು ಇನ್ನೂ ಕೈಗೆ ಸಿಗುವಂತಿರುವಾಗ.

ಉತ್ತರ: ಪೆನ್ಸಿಲ್ ಮತ್ತು ರಬ್ಬರ್

ಖಜಾಂಚಿಯವರ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ, ಆದರೆ ಅವರು ಗ್ರಂಥಪಾಲಕರ ಹುದ್ದೆಯನ್ನು ಹೆಸರಿಸಲೂ ಇಲ್ಲ. ಸ್ವತಃ ಆ ಕೆಲಸ ಮಾಡಿದ್ದರಿಂದ ನನಗೆ ಇದರಲ್ಲಿ ಪಕ್ಷಪಾತವಿದೆ ಎಂದು ಬೇಕಾದರೆ ತಿಳಿದುಕೊಳ್ಳಿ. ಸಂಗೀತ ಸಂಘದಲ್ಲಿ ಯಾವ ಹುದ್ದೆ ಖಾಲಿಯಿದ್ದರೂ ಹೇಗೋ ಸುಧಾರಿಸಬಹುದು, ಗ್ರಂಥಪಾಲಕರಿಲ್ಲದೆ ಮೊದಲ ತಾಲೀಮೇ ನಡೆಯುವುದಿಲ್ಲ.

ಹೊರಗಿನಿಂದ ನೋಡುವವರಿಗೆ ಇದು ಕಾಗದ ಹಂಚುವ ಕೆಲಸದಂತೆ ಕಾಣುತ್ತದೆ. ತಂತಿವಾದ್ಯಗಳಲ್ಲಿ ಇಬ್ಬರಿಗೆ ಒಂದು ಸ್ಟ್ಯಾಂಡ್ ಇರುವುದರಿಂದ ಹತ್ತು ಮಂದಿಗೆ ಐದು ಪ್ರತಿ ಸಾಕು. ಊದುವ ವಾದ್ಯಗಳಲ್ಲಿ ತಲಾ ಒಂದು ಪ್ರತಿ ಬೇಕು, ಏಕೆಂದರೆ ಮೊದಲ ಓಬೋ, ಎರಡನೆಯ ಓಬೋ ನುಡಿಸುವುದು ಬೇರೆ ಬೇರೆ ಸ್ವರಗಳನ್ನು. ವಯೊಲಿನ್ ನಾಯಕರು ಕಮಾನು ಎಲ್ಲಿ ಮೇಲಕ್ಕೆ, ಎಲ್ಲಿ ಕೆಳಕ್ಕೆ ಎಂದು ತಮ್ಮ ಪ್ರತಿಯಲ್ಲಿ ಗುರುತು ಹಾಕಿಕೊಟ್ಟ ಮೇಲೆ ಆ ಗುರುತುಗಳನ್ನು ಉಳಿದೆಲ್ಲ ಪ್ರತಿಗಳಿಗೆ ಇಳಿಸಬೇಕು. ಅದು ಮೊದಲ ತಾಲೀಮಿಗೆ ಮುಂಚೆ ಆಗದಿದ್ದರೆ ತಾಲೀಮಿನ ಅರ್ಧ ಸಮಯ ಗುರುತು ಬರೆದುಕೊಳ್ಳುವುದರಲ್ಲೇ ಕಳೆಯುತ್ತದೆ. ಗಾಯನವೃಂದದಲ್ಲಿ ಎಲ್ಲರ ಕೈಯಲ್ಲೂ ಒಂದೇ ಆವೃತ್ತಿಯ ಪುಸ್ತಕವಿರಬೇಕು. ಒಂದೇ ಕೃತಿಗೆ ಬೇರೆ ಬೇರೆ ಪ್ರಕಾಶಕರ ಮುದ್ರಣಗಳಲ್ಲಿ ಪುಟಸಂಖ್ಯೆಯೂ ತಾಲೀಮಿಗೆಂದು ಮುದ್ರಿಸಿರುವ ಅಕ್ಷರಗಳೂ ಹೊಂದುವುದಿಲ್ಲ. ನಿರ್ದೇಶಕರು ಪುಟದ ಸಂಖ್ಯೆ ಹೇಳಿದಾಗ ಟೆನರ್‌ಗಳು (ಎತ್ತರದ ಪುರುಷ ಕಂಠದವರು) ಒಂದು ಕಡೆ, ಬಾಸ್‌ಗಳು (ತಗ್ಗಿನ ಪುರುಷ ಕಂಠದವರು) ಇನ್ನೊಂದು ಕಡೆ ತೆರೆದು ಕೂತಿರುತ್ತಾರೆ.

ಬಾಡಿಗೆಗೆ ತಂದ ಪ್ರತಿಗಳ ಮೇಲೆ ಪೆನ್ಸಿಲ್ ಬಿಟ್ಟು ಬೇರೇನನ್ನೂ ಬಳಸಕೂಡದು. ಕಚೇರಿ ಮುಗಿದ ಮೇಲೆ ಗುರುತುಗಳನ್ನು ಅಳಿಸಿ, ಎಣಿಸಿ, ಗಡುವಿನೊಳಗೆ ಹಿಂದಿರುಗಿಸಬೇಕು. ಕಳೆದ ಪ್ರತಿಗೂ ತಡವಾದ ದಿನಗಳಿಗೂ ದಂಡ ತೆರಬೇಕಾಗಬಹುದು. ಎಲ್ಲರೂ ಸಂಭ್ರಮದಲ್ಲಿ ಮುಳುಗಿರುವ ರಾತ್ರಿ ಬಾಗಿಲ ಬಳಿ ನಿಂತು ಪ್ರತಿಗಳನ್ನು ಎಣಿಸಿ ಪಡೆಯುವ ಮನುಷ್ಯ ಯಾರಿಗೂ ಪ್ರಿಯನಾಗುವುದಿಲ್ಲ. ಅದಕ್ಕೆ ಸಿದ್ಧರಿರುವವರನ್ನೇ ಆರಿಸಿ.

ಹಕ್ಕುಸ್ವಾಮ್ಯವನ್ನು ವಿಚಾರಿಸುವುದೂ ಇದೇ ಹುದ್ದೆಗೆ ಸೇರಿದ್ದು. ರಕ್ಷಣೆಯ ಅವಧಿ ದೇಶದಿಂದ ದೇಶಕ್ಕೆ ಬದಲಾಗುತ್ತದೆ: ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದ ಪ್ರಕಾರ ಸಾಮಾನ್ಯವಾಗಿ ಕೃತಿಕಾರರು ತೀರಿಕೊಂಡ ನಂತರ ಕನಿಷ್ಠ 50 ವರ್ಷ, ಭಾರತದಲ್ಲಿ 60 ವರ್ಷ, ಐರೋಪ್ಯ ಒಕ್ಕೂಟದಲ್ಲಿ 70 ವರ್ಷ. ಮೂಲ ಕೃತಿ ಮುಕ್ತವಾಗಿದ್ದರೂ ಹೊಸದಾಗಿ ಸಂಪಾದಿಸಿದ ಆವೃತ್ತಿಗೆ ಕೆಲವು ದೇಶಗಳಲ್ಲಿ ಪ್ರತ್ಯೇಕ ರಕ್ಷಣೆ ಇರುವುದರಿಂದ, ಜಾಲದಲ್ಲಿ ಸಿಕ್ಕಿದ ಪ್ರತಿಯನ್ನೆಲ್ಲ ಮುದ್ರಿಸಿ ಹಂಚಬಹುದು ಎಂದು ಭಾವಿಸಬಾರದು.

ಹೊಸ ಕಾರ್ಯದರ್ಶಿ

ಇಬ್ಬರಿಗೂ ಧನ್ಯವಾದಗಳು. ಬ್ಯಾಂಕಿನ ಅರ್ಜಿಯ ವಿಷಯವನ್ನು ಇಂದೇ ಖಜಾಂಚಿಯವರಿಗೆ ತಿಳಿಸಿದೆ. ಗ್ರಂಥಪಾಲಕರ ಹುದ್ದೆಗೆ ವಯೋಲಾ ವಿಭಾಗದ ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ನನ್ನ ಎರಡನೆಯ ಪ್ರಶ್ನೆ, ಅಂದರೆ ಕಾರ್ಯಕ್ರಮದ ನಿರ್ಧಾರ ಯಾರದು ಎಂಬುದು ಇನ್ನೂ ಹಾಗೆಯೇ ಉಳಿದಿದೆ. ನಮ್ಮ ನಿಯಮಾವಳಿಯಲ್ಲಿ ‘ನಿರ್ದೇಶಕರೊಂದಿಗೆ ಸಮಾಲೋಚಿಸಿ’ ಎಂದಷ್ಟೇ ಇದೆ.

ಉತ್ತರ: ವೇದಿಕೆಯಿಂದ

ನಾನು ಇಂಥ ಎರಡು ವೃಂದಗಳನ್ನು ನಿರ್ದೇಶಿಸಿದವನು, ಹಾಗಾಗಿ ನಿಮ್ಮ ನಿರ್ದೇಶಕರ ಪರವಾಗಿಯೇ ಮಾತು ಆರಂಭಿಸುತ್ತೇನೆ. ದೊಡ್ಡ ಕೃತಿಯ ಹಂಬಲವನ್ನು ಅಹಂಕಾರವೆಂದು ತಳ್ಳಿಹಾಕಬೇಡಿ. ವಿದ್ಯಾರ್ಥಿಗಳು ಮೂರು ನಾಲ್ಕು ವರ್ಷಗಳಲ್ಲಿ ಬಂದು ಹೋಗುವವರು. ನೂರು ಕಂಠಗಳ ನಡುವೆ ನಿಂತು ಹಾಡುವ ಅವಕಾಶ ಅವರಲ್ಲಿ ಬಹಳ ಮಂದಿಗೆ ಮತ್ತೆ ಸಿಗುವುದಿಲ್ಲ.

ಹೀಗೆ ಹೇಳಿದ ಮೇಲೂ ಏನನ್ನು ನುಡಿಸಬೇಕೆಂದು ಸೂಚಿಸುವುದು ನಿರ್ದೇಶಕರ ಕೆಲಸ, ಅದು ಸಾಧ್ಯವೇ ಎಂದು ಹೇಳುವುದು ಸಮಿತಿಯ ಕೆಲಸ ಎಂಬುದೇ ನನ್ನ ನಿಲುವು. ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ವಾದ್ಯವೃಂದದ ವ್ಯವಸ್ಥಾಪಕರು. ಕೃತಿಗೆ ನಾಲ್ಕು ಹಾರ್ನ್ (ಊದುವ ಹಿತ್ತಾಳೆಯ ವಾದ್ಯ) ಬೇಕಿದ್ದು ವಿಶ್ವವಿದ್ಯಾಲಯದಲ್ಲಿ ಇರುವವರು ಇಬ್ಬರೇ ಆದರೆ ಉಳಿದಿಬ್ಬರನ್ನು ಹೊರಗಿನಿಂದ ಕರೆಸಬೇಕು, ಅವರ ಸಂಭಾವನೆ ಬಜೆಟ್ಟಿಗೆ ಸೇರಬೇಕು. ಬಸೂನ್ ನುಡಿಸುವ ಒಬ್ಬರೇ ಒಬ್ಬರು ಅಂತಿಮ ವರ್ಷದಲ್ಲಿದ್ದರೆ ಪರೀಕ್ಷೆಯ ತಿಂಗಳಲ್ಲಿ ಅವರನ್ನು ನೆಚ್ಚಿಕೊಳ್ಳುವಂತಿಲ್ಲ. ವೇದಿಕೆಯ ಮೇಲೆ ಎಷ್ಟು ಕುರ್ಚಿ ಹಿಡಿಯುತ್ತವೆ, ಗಾಯನವೃಂದದಲ್ಲಿ ಟೆನರ್‌ಗಳು ಸಾಕಷ್ಟಿದ್ದಾರೆಯೇ (ಎಲ್ಲೆಡೆಯೂ ಸಾಲದೆ ಬರುವುದು ಅವರೇ) ಎಂಬುದನ್ನು ಬರೆದು ನಿರ್ದೇಶಕರ ಮುಂದಿಡಿ. ಹಿಂಜರಿಕೆಯನ್ನು ಹಿಂಜರಿಕೆಯಾಗಿಯೇ ಮುಂದಿಟ್ಟರೆ ವಾದ ಬೆಳೆಯುತ್ತದೆ. ಹಾರ್ನ್ ವಾದಕರ ಲೆಕ್ಕವಾಗಿ ಮುಂದಿಟ್ಟರೆ ಯಾವ ನಿರ್ದೇಶಕನೂ ಕೇಳಿಸಿಕೊಳ್ಳುತ್ತಾನೆ.

ಉತ್ತರ: ಹಳೆಯ ಸದಸ್ಯ

ಇಲ್ಲಿ ಬಂದಿರುವ ಉತ್ತರಗಳು ಉಪಯುಕ್ತವಾಗಿವೆ, ಆದರೂ ನನ್ನದೊಂದು ಭಿನ್ನಾಭಿಪ್ರಾಯವಿದೆ. ಚೆನ್ನಾಗಿ ನುಡಿಸುವವರನ್ನು ಆಡಳಿತದಿಂದ ದೂರವಿಡಬೇಕೆಂಬ ಧ್ವನಿ ಇವುಗಳಲ್ಲಿ ಕೇಳಿಸುತ್ತದೆ. ಕೆಲವು ನಿರ್ಧಾರಗಳನ್ನು ಸಂಗೀತದಲ್ಲಿ ಗೌರವ ಗಳಿಸಿದವರು ಮಾತ್ರ ಜಾರಿಗೆ ತರಬಲ್ಲರು.

ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಗೀತ ಸಂಘವನ್ನೇ ತೆಗೆದುಕೊಳ್ಳಿ. 1843ರಲ್ಲಿ ಪೀಟರ್‌ಹೌಸ್ ಕಾಲೇಜಿನಲ್ಲಿ ಹುಟ್ಟಿದ ಆ ಸಂಘ ತನ್ನ ಗಾಯನವೃಂದಕ್ಕೆ ಮಹಿಳೆಯರನ್ನು ಸೇರಿಸಿಕೊಳ್ಳಲು ಒಪ್ಪಿರಲಿಲ್ಲ. 1870ರ ದಶಕದ ಆರಂಭದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ, ಮುಂದೆ ಸಂಗೀತ ರಚನೆಕಾರರಾಗಿ ಹೆಸರಾದ ಚಾರ್ಲ್ಸ್ ವಿಲಿಯರ್ಸ್ ಸ್ಟ್ಯಾನ್‌ಫರ್ಡ್ ಸಂಘದೊಳಗೆ ವಾದಿಸುತ್ತಾ ಕೂರದೆ ಸ್ತ್ರೀಪುರುಷರಿಬ್ಬರೂ ಇರುವ ಬೇರೊಂದು ಗಾಯನವೃಂದವನ್ನು ಕಟ್ಟಿದರು. ಅದರ ಗಾಯನದ ಮುಂದೆ ಸಂಘದ ಗಾಯನ ಪೇಲವವಾಗಿ ಕಂಡಿತು, ಸದಸ್ಯರು ಮನಸ್ಸು ಬದಲಿಸಿ ಎರಡನ್ನೂ ಒಂದುಗೂಡಿಸಲು ಒಪ್ಪಿದರು. ಆಗಲೂ ಮಹಿಳೆಯರಿಗೆ ಸಿಕ್ಕಿದ್ದು ಸಹಸದಸ್ಯತ್ವ ಮಾತ್ರ ಎಂಬುದನ್ನು ಮರೆಯುವಂತಿಲ್ಲ. 1873ರಲ್ಲಿ ಸ್ಟ್ಯಾನ್‌ಫರ್ಡ್ ಸಂಘದ ನಿರ್ದೇಶಕರಾಗಿ 1893ರವರೆಗೂ ಮುಂದುವರಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಸಂಘದ ಸುವರ್ಣ ಮಹೋತ್ಸವದ ಕಚೇರಿಗೆ ಚೈಕೋವ್‌ಸ್ಕಿ, ಸೇಂಟ್-ಸಾನ್ಸ್‌ರಂಥವರು ಬಂದು ತಮ್ಮ ಕೃತಿಗಳನ್ನು ತಾವೇ ಪ್ರಸ್ತುತಪಡಿಸಿದರು, ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಸಂಗೀತದಲ್ಲಿ ತೂಕವಿಲ್ಲದ ಕಾರ್ಯದರ್ಶಿಯೊಬ್ಬರು ಎಷ್ಟು ಅಚ್ಚುಕಟ್ಟಾಗಿ ನಡಾವಳಿ ಬರೆದಿದ್ದರೂ ಇದು ಆಗುತ್ತಿರಲಿಲ್ಲ.

ಉತ್ತರ: ಮಾಜಿ ಖಜಾಂಚಿ

ಹಳೆಯ ಸದಸ್ಯರ ಉದಾಹರಣೆ ಸೊಗಸಾಗಿದೆ, ಆದರೆ ಅದು ನನ್ನ ಮಾತನ್ನು ಅಲ್ಲಗಳೆಯುತ್ತದೆ ಎಂದು ನನಗೆ ಅನಿಸುವುದಿಲ್ಲ. ಸ್ಟ್ಯಾನ್‌ಫರ್ಡ್ ಇಪ್ಪತ್ತು ವರ್ಷ ಒಂದೇ ಸ್ಥಾನದಲ್ಲಿದ್ದರು. ನಮ್ಮ ಸಮಿತಿಗಳು ಇರುವುದು ಒಂದೇ ವರ್ಷ. ಹಾರ್ವರ್ಡ್‌ನಲ್ಲಿ 1808ರಲ್ಲಿ ಆರಂಭವಾದ ವಿದ್ಯಾರ್ಥಿಗಳ ವಾದ್ಯ ಸಂಘದಲ್ಲಿ 1832ರ ಹೊತ್ತಿಗೆ ಒಬ್ಬನೇ ಸದಸ್ಯ ಉಳಿದಿದ್ದನೆಂದೂ, ಅವನು ತಾನೇ ಸಭೆ ಕರೆದು, ತನಗೆ ತಾನೇ ಶುಲ್ಕ ಕಟ್ಟಿಕೊಂಡು ಸಂಘವನ್ನು ಉಳಿಸಿದನೆಂದೂ ಒಂದು ಕಥೆಯಿದೆ. ಕಥೆಗೆ ಸ್ವಲ್ಪ ಬಣ್ಣ ಸೇರಿರಬಹುದು, ಆದರೆ ಆ ಸಂಘ ಇಂದಿಗೂ ವಿಶ್ವವಿದ್ಯಾಲಯದ ವಾದ್ಯವೃಂದವಾಗಿ ಉಳಿದಿದೆ. ಅವನು ಎಷ್ಟು ಚೆನ್ನಾಗಿ ನುಡಿಸುತ್ತಿದ್ದ ಎಂದು ಯಾರೂ ಕೇಳುವುದಿಲ್ಲ.

ಒಪ್ಪಬಹುದಾದ ದಾರಿಯೊಂದಿದೆ. ಅಧ್ಯಕ್ಷ ಸ್ಥಾನಕ್ಕೆ ಸಂಗೀತದಲ್ಲಿ ಗೌರವವುಳ್ಳವರು ಇರಲಿ; ಅವರ ಮಾತಿಗೆ ವೃಂದ ಕಿವಿಗೊಡುತ್ತದೆ. ಗ್ರಂಥಪಾಲಕರು, ವಾದ್ಯವೃಂದದ ವ್ಯವಸ್ಥಾಪಕರು, ಖಜಾಂಚಿ ಈ ಮೂವರನ್ನು ಮಾತ್ರ ಕೆಲಸ ನೋಡಿ ಆರಿಸಿ, ಮೊದಲನೆಯ ಅಥವಾ ಎರಡನೆಯ ವರ್ಷದ ವಿದ್ಯಾರ್ಥಿಗಳಿಂದಲೇ ಆರಿಸಿ. ಅಂತಿಮ ವರ್ಷದವರನ್ನು ಆರಿಸಿದರೆ ಅವರು ಕಲಿತದ್ದೆಲ್ಲ ಅವರೊಂದಿಗೇ ಹೊರಟುಹೋಗುತ್ತದೆ.

ಹೊಸ ಕಾರ್ಯದರ್ಶಿ

ಎಲ್ಲರಿಗೂ ಕೃತಜ್ಞತೆಗಳು. ವ್ಯವಸ್ಥಾಪಕರ ಹುದ್ದೆ ಇನ್ನೂ ಖಾಲಿ ಇರುವುದರಿಂದ ವಾದಕರ ಪಟ್ಟಿಯನ್ನು ನಾನೇ ತಯಾರಿಸಿದೆ. ನಿರ್ದೇಶಕರು ಹೇಳಿದ ಕೃತಿಗೆ ಮೂರು ಟ್ರಂಬೋನ್ ಬೇಕು, ನಮ್ಮಲ್ಲಿರುವವರು ಒಬ್ಬರು. ಅವರೂ ಆ ತಿಂಗಳು ಪ್ರಬಂಧ ಸಲ್ಲಿಸಬೇಕಾಗಿದೆ. ಪಟ್ಟಿಯನ್ನು ನಿರ್ದೇಶಕರಿಗೆ ಕಳುಹಿಸಿದ್ದೇನೆ. ಗಾಯನವೃಂದಕ್ಕಷ್ಟೇ ದೊಡ್ಡದಾಗಿದ್ದು ತಂತಿವಾದ್ಯಗಳ ಹಿನ್ನೆಲೆ ಮಾತ್ರ ಬೇಕಾಗುವ ಕೃತಿಗಳನ್ನು ಪರಿಶೀಲಿಸೋಣ ಎಂದು ಅವರಿಂದ ಉತ್ತರ ಬಂದಿದೆ. ವಯೋಲಾ ವಾದಕಿಯವರು ಗ್ರಂಥಪಾಲಕರಾಗಲು ಒಪ್ಪಿದ್ದಾರೆ, ಆದರೆ ಹಿಂದಿನ ಕಚೇರಿಯ ಪ್ರತಿಗಳಲ್ಲಿ ಎಷ್ಟು ಇನ್ನೂ ಸದಸ್ಯರ ಮನೆಗಳಲ್ಲಿವೆ ಎಂಬ ಲೆಕ್ಕವನ್ನು ಮೊದಲು ತಮ್ಮ ಕೈಗೆ ಕೊಡಬೇಕೆಂದು ಷರತ್ತು ಹಾಕಿದ್ದಾರೆ.