ಅಪ್‌ಡೇಟ್: ಫೋಟೊ ಕೋಸ್ಟರಿಕಾದ ಅಜ್ಜನ ಕೈ ಸೇರಿತು!

ಎರಡು ವಾರದ ಹಿಂದೆ ಕೇಳಿದ್ದೆ ಅಲ್ವಾ? ಕೋಸ್ಟರಿಕಾದ ಟೋರ್ಟುಗೇರೊದಲ್ಲಿ ಕಡಲಾಮೆ ಕಾಯಲು ಹೋಗಿದ್ದಾಗ ನನ್ನ ಜೊತೆ ರಾತ್ರಿಯಿಡೀ ತೀರ ಸುತ್ತಿದ ಅಜ್ಜನಿಗೆ ಕಾಸರಗೋಡಿನಿಂದ ಫೋಟೊ ಕಳಿಸುವುದು ಹೇಗೆ ಅಂತ. ಅವರಿಗೆ ಫೋನಿಲ್ಲ.

ಕೊರಿಯರ್ ಆಗಲಿಲ್ಲ. ಬೀದಿ ಹೆಸರು, ಮನೆ ನಂಬರ್ ಕೇಳಿದರು. ಆ ದೇಶದಲ್ಲಿ ವಿಳಾಸ ಅಂದರೆ 'ಚರ್ಚಿನಿಂದ ಉತ್ತರಕ್ಕೆ 200 ಮೀಟರ್' ಅನ್ನುವ ಥರ. ನಾವು 'ಕಟ್ಟೆಯಿಂದ ಎಡಕ್ಕೆ' ಅನ್ನುತ್ತೇವಲ್ಲ, ಹಾಗೇ. ಈ ಊರಿಗಂತೂ ರಸ್ತೆಯೇ ಇಲ್ಲ, ಹೆಚ್ಚಿನವರು ದೋಣಿಯಲ್ಲೇ ಹೋಗುವುದು. ಫೇಸ್‌ಬುಕ್‌ನಲ್ಲಿ ಹುಡುಕಿದ್ದೂ ದಂಡ.

ಕೆಲಸಕ್ಕೆ ಬಂದದ್ದು 'ಅಲ್ಲಿ ನಿಮಗೆ ಊಟ ಹಾಕಿದ ಅಮ್ಮನನ್ನು ಕೇಳಿ' ಅಂದವರ ಮಾತು. ತುಂಬಾ ಥ್ಯಾಂಕ್ಸ್! ಆ ಅಮ್ಮನ ಮಗನಿಗೆ ವಾಟ್ಸಾಪ್ ಮಾಡಿದೆ. ಆತ ಪ್ರಿಂಟ್ ಹಾಕಿಸಿ ಕೊಟ್ಟ.

ರಾತ್ರಿ ಅಲ್ಲಿ ಕ್ಯಾಮೆರಾ ಬಿಡುವುದಿಲ್ಲ. ಹಾಗಾಗಿ ಇದು ಬೆಳಗಿನ ಫೋಟೊ. ಅಜ್ಜ ಚಪ್ಪಲಿ ಕೈಯಲ್ಲಿ ಹಿಡಿದು, ಆಮೆ ತೆವಳಿದ ಗುರುತಿನ ಪಕ್ಕ ನಿಂತಿದ್ದಾರೆ. ಅದನ್ನು ನೋಡಿ ಅದೇ ಹುಡುಗನ ಫೋನಿನಲ್ಲಿ ಮಾತಾಡಿದರು. ಚಿಕ್ಕವರಿದ್ದಾಗ ತಾವೂ ಆಮೆ ಮೊಟ್ಟೆ ಅಗೆದು ಮಾರುತ್ತಿದ್ದರಂತೆ! ಆ ರಾತ್ರಿ ಸುಮ್ನೆ ಮರಳು ಮುಟ್ಟಿ ಗೂಡು ಎಲ್ಲಿದೆ ಅಂತ ಹೇಳುತ್ತಿದ್ದರು. ಆ ಜಾಣ್ಮೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು.

ನಮ್ಮ ನೀಲೇಶ್ವರದ ತೈಕಡಪ್ಪುರ ಕಡಲತೀರಕ್ಕೂ ಆಮೆ ಬರುತ್ತದೆ ಅಂದೆ. ಯಾವ ತಿಂಗಳು, ಎಷ್ಟು ದೊಡ್ಡದು ಅಂತ ಕೇಳುತ್ತಲೇ ಇದ್ದರು.